ಅಡುಗೆಮನೆಯಲ್ಲಿ ಕೇಳಿದ ಕರೆ

ಕನ್ನಡದ ‘ಕೇಳು’ ಎಂಬ ಧಾತು ಬಹಳ ದುಡಿಮೆಯ ಧಾತು. ಸಂಗೀತ ಕೇಳುತ್ತೇವೆ, ಸಾಲ ಕೇಳುತ್ತೇವೆ, ಹಿರಿಯರ ಮಾತು ಕೇಳುತ್ತೇವೆ. ಮೊದಲನೆಯದು ಕಿವಿಯ ಕೆಲಸ, ಎರಡನೆಯದು ನಾಲಗೆಯ ಕೆಲಸ; ಮೂರನೆಯದಕ್ಕೆ ಮಾತ್ರ ಇಡೀ ಮನುಷ್ಯನೇ ಬೇಕಾಗುತ್ತಾನೆ. “ನಮ್ಮ ಹುಡುಗ ಹೇಳಿದ ಮಾತು ಕೇಳುವುದಿಲ್ಲ” ಎಂದು ತಾಯಿಯೊಬ್ಬಳು ದೂರಿಕೊಂಡರೆ ಆ ಹುಡುಗನ ಕಿವಿ ಮಂದವೆಂದು ಯಾರೂ ತಿಳಿಯುವುದಿಲ್ಲ. ಕೇಳಿಸಿಕೊಳ್ಳುವುದಕ್ಕೂ ನಡೆದುಕೊಳ್ಳುವುದಕ್ಕೂ ನಡುವೆ ನಮ್ಮ ಹಿರಿಯರು ಗೋಡೆ ಕಟ್ಟಲಿಲ್ಲ. ಈ ಜಾಣತನ ನಮ್ಮದೊಂದೇ ನುಡಿಗೆ ಮೀಸಲಾದದ್ದಲ್ಲ. ಹೀಬ್ರೂ ಭಾಷೆಯ ‘ಶಮಾ’ ಎಂಬ ಧಾತು ಹೀಗೆಯೇ ಎರಡು ಅರ್ಥಗಳನ್ನೂ ಹೊತ್ತಿದೆ. ವಿಧೇಯತೆಗೆ ಗ್ರೀಕರು ಬಳಸಿದ ಮಾತಿನ ಒಳಗೆ ಕೇಳುವ ಧಾತುವಿದೆ. ಲ್ಯಾಟಿನ್ನಿನಿಂದ ಇಂಗ್ಲಿಷಿಗೆ ಬಂದ ‘ಒಬೀಡಿಯೆನ್ಸ್’ ಎಂಬುದನ್ನು ಬಿಡಿಸಿ ನೋಡಿದರೆ ಅಲ್ಲಿಯೂ ಕಿವಿಯೇ ಕುಳಿತಿದೆ. ಕನ್ನಡ ಬೈಬಲಿನವರು ‘ವಿಧೇಯತೆ’ ಎಂಬ ಸಂಸ್ಕೃತ ಶಬ್ದವನ್ನು ಆರಿಸಿಕೊಂಡರು. ಅದು ಗಂಭೀರವಾದ ಶಬ್ದವೇ; ಆದರೆ ‘ಮಾತು ಕೇಳುವುದು’ ಎಂಬ ನಮ್ಮ ಮನೆಮಾತಿನಲ್ಲಿರುವ ಬಿಸುಪು ಅದರಲ್ಲಿ ಇಲ್ಲವೆಂದು ನನಗೆ ಅನ್ನಿಸುತ್ತದೆ.

ಕ್ರೈಸ್ತ ಧರ್ಮದಲ್ಲಿ ‘ಕರೆ’ ಎಂಬ ಕಲ್ಪನೆಗೆ ಬಹು ದೊಡ್ಡ ಸ್ಥಾನವುಂಟು. ಕರೆಯೆಂದ ಮೇಲೆ ಕೇಳುವವನು ಬೇಕು. ಅಬ್ರಹಾಮನನ್ನು ದೇವರು ಕರೆದನು. ಅವನು ಹುಟ್ಟಿದ ನಾಡನ್ನೂ ತಂದೆಯ ಮನೆಯನ್ನೂ ಬಿಟ್ಟು ಹೊರಟನು. ಗಲಿಲಾಯದ ಬೆಸ್ತರನ್ನು ಏಸು ಕರೆದನು. ಅವರು ಬಲೆಗಳನ್ನು ಅಲ್ಲಿಯೇ ಬಿಟ್ಟು ಹಿಂದೆ ನಡೆದರು. ಓದುವುದಕ್ಕೆ ಸೊಗಸಾದ ಕತೆಗಳು. ಆದರೆ ಬಲೆಯನ್ನು ಬಿಡುವಂತಿಲ್ಲದ ಬೆಸ್ತನ ಪಾಡೇನು? ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ, ಸಾಲು ಸಾಲಾಗಿ ಮಕ್ಕಳು, ದೋಣಿಯ ಮೇಲೆ ಸಾಲ. ಬೆಳಗಾದರೆ ಅವನು ಕಡಲಿಗೆ ಹೋಗಲೇಬೇಕು. ಇಂಥವನಿಗೆ ದೇವರ ಕರೆ ಬರುವುದೇ ಇಲ್ಲವೆ? ಬಂದರೆ ಯಾವ ದನಿಯಲ್ಲಿ ಬಂದೀತು? ಊರು ಬಿಟ್ಟು ಹೋದ ಹತ್ತು ಮಂದಿಯ ಚರಿತ್ರೆಗಿಂತ ಊರಿನಲ್ಲಿಯೇ ಉಳಿದ ಹತ್ತು ಸಾವಿರ ಮಂದಿಯ ಈ ಪ್ರಶ್ನೆ ನನಗೆ ಹೆಚ್ಚು ತೂಕದ್ದಾಗಿ ಕಾಣುತ್ತದೆ.

ಹಳೆಯ ಒಡಂಬಡಿಕೆಯಲ್ಲಿ ಬಾಲಕ ಸಮುವೇಲನ ಕತೆಯೊಂದಿದೆ. ಅವನು ದೇವಾಲಯದಲ್ಲಿ ವೃದ್ಧ ಯಾಜಕ ಏಲಿಯ ಕೈಕೆಳಗೆ ಊಳಿಗ ಮಾಡಿಕೊಂಡಿದ್ದ ಹುಡುಗ. ಒಂದು ರಾತ್ರಿ ಯಾರೋ ಹೆಸರು ಹಿಡಿದು ಕರೆದಂತಾಯಿತು. ಮುದುಕರು ಕರೆದರೆಂದು ಹುಡುಗ ಎದ್ದು ಓಡಿಹೋದನು. “ನಾನು ಕರೆಯಲಿಲ್ಲ, ಹೋಗಿ ಮಲಗಿಕೊ” ಎಂಬ ಉತ್ತರ ದೊರೆಯಿತು. ಹೀಗೆ ಮೂರು ಸಲ ಆದ ಮೇಲೆ ಏಲಿಗೆ ಹೊಳೆಯಿತು: ಕರೆಯುತ್ತಿರುವವನು ಬೇರೆಯವನು. ಈ ಕತೆಯಲ್ಲಿ ಎಲ್ಲರೂ ಹುಡುಗನನ್ನು ಮೆಚ್ಚುತ್ತಾರೆ. ನನಗೆ ಮುದುಕನೂ ಅಷ್ಟೇ ಮೆಚ್ಚು. ದೇವರ ದನಿ ಆ ಹುಡುಗನ ಕಿವಿಗೆ ಮನೆಯ ಹಿರಿಯನ ದನಿಯಂತೆಯೇ ಕೇಳಿಸಿತು. ದಿನನಿತ್ಯದ ಬದುಕಿನಲ್ಲಿ ಅದು ಹಾಗೆಯೇ ಕೇಳಿಸುವುದೇನೋ. ನೀರು ತಾ, ದೀಪ ಹಚ್ಚು, ಬಾಗಿಲು ತೆರೆ ಎಂಬಂತೆ. ಆ ಹೊತ್ತಿನಲ್ಲಿ ಏಲಿ, ‘ಹೌದು, ನಾನೇ ಕರೆದದ್ದು, ಕಾಲು ಒತ್ತು ಬಾ’ ಎನ್ನಬಹುದಾಗಿತ್ತು. ಹುಡುಗ ಮರುಮಾತಿಲ್ಲದೆ ಒತ್ತುತ್ತಿದ್ದನು. ಏಲಿ ಹಾಗೆ ಹೇಳಲಿಲ್ಲ. ಓದುಗರು ಈ ಮಾತನ್ನು ಸ್ವಲ್ಪ ಜ್ಞಾಪಕದಲ್ಲಿ ಇಟ್ಟುಕೊಳ್ಳಬೇಕು.

ಯೂರೋಪಿನಲ್ಲಿ ಬಹುಕಾಲ ‘ಕರೆ ಬಂದವರು’ ಎಂದರೆ ಪಾದ್ರಿಗಳು, ಸಂನ್ಯಾಸಿಗಳು, ಸಂನ್ಯಾಸಿನಿಯರು ಎಂದೇ ಅರ್ಥವಾಗಿತ್ತು. ಉಳಿದವರು ಉತ್ತು ಬಿತ್ತು ಅವರನ್ನು ಸಾಕುವವರು. 16ನೆಯ ಶತಮಾನದಲ್ಲಿ ಮಾರ್ಟಿನ್ ಲೂಥರ್ ಈ ಕಟ್ಟನ್ನು ಮುರಿದನು. ಚಮ್ಮಾರನ ಉಳಿಯಲ್ಲಿ, ದಾದಿಯ ತೊಟ್ಟಿಲಲ್ಲಿ, ಮನೆವಾರ್ತೆಯಲ್ಲಿ ಇರುವ ಕರೆ ಮಠದ ಕರೆಗಿಂತ ಕಿರಿದಲ್ಲವೆಂಬುದು ಅವನ ಬೋಧೆ. 1534ರಲ್ಲಿ ಪೂರ್ಣವಾಗಿ ಅಚ್ಚಾದ ಅವನ ಜರ್ಮನ್ ಬೈಬಲಿನಲ್ಲಿ ದಿನದಿನದ ಕಸುಬಿಗೂ ‘ಬೆರೂಫ್’ ಎಂಬ ಮಾತು ಬಂದಿತು. ಅದು ‘ಕರೆ’ ಎಂಬ ಅರ್ಥದ ಧಾತುವಿನಿಂದ ಹುಟ್ಟಿದ್ದು. ಮುಂದೆ ಮ್ಯಾಕ್ಸ್ ವೆಬರ್ 1904-05ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದಲ್ಲಿ ಈ ಒಂದು ಮಾತಿನ ಬೆನ್ನು ಹತ್ತಿ ಬಹು ದೂರ ಹೋದನು. ಇಂದಿನ ಜರ್ಮನರಿಗೆ ‘ಬೆರೂಫ್’ ಎಂದರೆ ಬರಿಯ ಉದ್ಯೋಗ. ಅರ್ಜಿಯ ನಮೂನೆಗಳಲ್ಲಿ ಹೆಸರು, ವಿಳಾಸಗಳ ಸಾಲಿನಲ್ಲಿ ಅದೂ ಒಂದು ಕಲಮು. ದೇವರು ಎಂದೋ ಅದರೊಳಗಿಂದ ಎದ್ದು ಹೋಗಿದ್ದಾನೆ. ಕನ್ನಡಿಗರಾದ ನಮಗೆ ಇಲ್ಲಿ ಶರಣರ ‘ಕಾಯಕ’ ನೆನಪಾಗದಿರದು. ಹೋಲಿಕೆ ಇದೆ, ಆದರೆ ಎರಡೂ ಒಂದೇ ಎಂದು ಅವಸರದಿಂದ ಹೇಳಿಬಿಡುವವರ ಜೊತೆಗೆ ನಾನು ನಿಲ್ಲಲಾರೆ. ಕಾಯಕದಲ್ಲಿ ಒತ್ತು ಬೀಳುವುದು ದುಡಿಯುವ ಕೈಯ ಮೇಲೆ, ದುಡಿದದ್ದನ್ನು ಹಂಚಿ ಉಣ್ಣುವುದರ ಮೇಲೆ. ಕರೆಯಲ್ಲಿ ಒತ್ತು ಬೀಳುವುದು ಕಿವಿಯ ಮೇಲೆ.

ಲೂಥರನ ವಾದವನ್ನು ಓದಿದರೆ ಮಠಗಳೇ ಬೇಡವೆನ್ನಿಸುತ್ತದೆ. ವಿಚಿತ್ರವೇನೆಂದರೆ, ಆ ವಾದಕ್ಕೆ ನಾನು ಬಲ್ಲ ಅತ್ಯುತ್ತಮವಾದ ನಿದರ್ಶನ ದೊರೆಯುವುದು ಒಂದು ಕ್ಯಾಥೊಲಿಕ್ ಮಠದ ಒಳಗೇ, ಅದೂ ಅಲ್ಲಿಯ ಅಡುಗೆಮನೆಯಲ್ಲಿ.

ಆತನ ಹೆಸರು ನಿಕೊಲಾ ಎರ್ಮಾ. 1614ರ ಸುಮಾರಿಗೆ ಲೊರೇನ್ ಸೀಮೆಯ ಒಂದು ಹಳ್ಳಿಯಲ್ಲಿ ಬಡವರ ಮಗನಾಗಿ ಹುಟ್ಟಿದನು. ಓದು ಅಷ್ಟಕ್ಕಷ್ಟೆ. ಹದಿನೆಂಟರ ಪ್ರಾಯದಲ್ಲಿ ಒಂದು ಚಳಿಗಾಲ ಎಲೆಯುದುರಿ ಬೋಳಾಗಿ ನಿಂತ ಮರವೊಂದು ಕಣ್ಣಿಗೆ ಬಿತ್ತು. ಇನ್ನು ಸ್ವಲ್ಪ ದಿನಕ್ಕೆ ಇದು ಚಿಗುರುತ್ತದೆ, ಹೂ ಬಿಡುತ್ತದೆ, ಕಾಯಿ ಕಚ್ಚುತ್ತದೆ ಎಂಬ ಯೋಚನೆ ಬಂದಿತು, ಅಷ್ಟೆ. ಆಕಾಶವಾಣಿಯಾಗಲಿಲ್ಲ, ಮಿಂಚು ಹೊಳೆಯಲಿಲ್ಲ. ಆದರೆ ಆ ದಿನ ಕಂಡ ದೇವರ ಶಕ್ತಿ ತನ್ನ ಮನಸ್ಸಿನಿಂದ ಮತ್ತೆ ಎಂದೂ ಅಳಿಯಲಿಲ್ಲವೆಂದು ಮುದಿತನದಲ್ಲಿಯೂ ಆತ ಹೇಳುತ್ತಿದ್ದನು. ಇಷ್ಟಾದರೂ ಕೂಡಲೇ ಸಂತನಾದನೆಂದು ತಿಳಿಯಬಾರದು. ಆಗ ಯೂರೋಪಿನಲ್ಲಿ ಮೂವತ್ತು ವರ್ಷಗಳ ಯುದ್ಧ ನಡೆಯುತ್ತಿತ್ತು. ನಿಕೊಲಾ ಸಿಪಾಯಿಯಾಗಿ ಸೇರಿದನು. ಗೂಢಚಾರನೆಂಬ ಶಂಕೆಯಿಂದ ಶತ್ರುಗಳ ಕೈಗೆ ಸಿಕ್ಕಿ ನೇಣಿನಿಂದ ತಪ್ಪಿಸಿಕೊಂಡನು. ಗಾಯಗೊಂಡು ಜೀವಮಾನವೆಲ್ಲ ಕುಂಟನಾದನು. ಆಮೇಲೆ ಒಬ್ಬ ದೊಡ್ಡ ಮನುಷ್ಯನ ಮನೆಯಲ್ಲಿ ಊಳಿಗದವನಾದನು. ಅಲ್ಲಿ ಮುಟ್ಟಿದ್ದನ್ನೆಲ್ಲ ಒಡೆದುಹಾಕುವ ಒಡ್ಡ ಎಂಬ ಹೆಸರು ಸಂಪಾದಿಸಿದನಂತೆ. ಈ ಬಿರುದನ್ನು ಕೊಟ್ಟವರು ಬೇರೆ ಯಾರೂ ಅಲ್ಲ, ಆತನೇ.

1640ರಲ್ಲಿ ಪ್ಯಾರಿಸಿನ ವೊಜಿರಾರ್ ಬೀದಿಯಲ್ಲಿದ್ದ ಕಾರ್ಮೆಲೈಟ್ ಸಂನ್ಯಾಸಿಗಳ ಮಠವನ್ನು ಆತ ಸೇರಿದನು. ಅಲ್ಲಿ ಇಟ್ಟ ಹೆಸರಿನಿಂದಲೇ ಇಂದು ಲೋಕ ಆತನನ್ನು ಬಲ್ಲದು: ಬ್ರದರ್ ಲಾರೆನ್ಸ್. ತನ್ನ ಒಡ್ಡತನಕ್ಕೆ ಮಠದಲ್ಲಿ ಚೆನ್ನಾಗಿ ಚರ್ಮ ಸುಲಿಯುತ್ತಾರೆ, ಹಾಗಾದರೂ ಬದುಕನ್ನು ದೇವರಿಗೆ ಒಪ್ಪಿಸಿದಂತಾಗುತ್ತದೆ ಎಂಬ ಎಣಿಕೆಯಿಂದ ಸೇರಿದನಂತೆ. ಆದರೆ ಅಲ್ಲಿ ದೊರೆತದ್ದು ತೃಪ್ತಿಯೇ. ದೇವರು ತನಗೆ ಮೋಸ ಮಾಡಿದನೆಂದು ನಗುತ್ತಿದ್ದನು.

ಮಠಗಳಲ್ಲಿ ಎರಡು ದರ್ಜೆಗಳಿದ್ದವು. ಓದುಬರಹ ಬಲ್ಲವರು ದೀಕ್ಷೆ ಪಡೆದು ಪಾದ್ರಿಗಳಾಗಿ ಪೂಜೆ, ಪಠನ, ಬೋಧನೆಗಳಲ್ಲಿ ತೊಡಗುತ್ತಿದ್ದರು. ಉಳಿದವರು ಕಟ್ಟಿಗೆ, ನೀರು, ತೋಟ, ಅಡುಗೆ ನೋಡಿಕೊಳ್ಳುವ ಸಹೋದರರು. ಲಾರೆನ್ಸ್ ಎರಡನೆಯ ದರ್ಜೆಯವನು. ಆತನನ್ನು ಅಡುಗೆಮನೆಗೆ ಹಾಕಿದರು. ಅಡುಗೆಯೆಂದರೆ ಆತನಿಗೆ ಸ್ವಭಾವತಃ ಬೇಸರ. ಇದನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾನೆ. ಆ ಬೇಸರದ ಕೆಲಸದಲ್ಲಿ ಸುಮಾರು ಹದಿನೈದು ವರ್ಷ ಕಳೆದನು.

ಈ ಹದಿನೈದು ವರ್ಷಗಳಲ್ಲಿ ಏನು ನಡೆಯಿತೆಂಬುದೇ ಆತನ ಚರಿತ್ರೆಯ ತಿರುಳು. ಹೊರಗಿನಿಂದ ನೋಡುವವರಿಗೆ ಏನೂ ನಡೆಯಲಿಲ್ಲ. ಪ್ರತಿಯೊಂದು ಕೆಲಸಕ್ಕೆ ಕೈಹಾಕುವ ಮೊದಲು ದೇವರೊಡನೆ ಒಂದು ಮಾತು, ಮುಗಿದ ಮೇಲೆ ಒಂದು ಮಾತು. ಚೆನ್ನಾಗಿ ಆದರೆ ಕೃತಜ್ಞತೆ, ಕೆಟ್ಟರೆ ಕ್ಷಮೆ ಬೇಡಿ ಮುಂದಿನ ಕೆಲಸ. ಬಾಣಲೆಯ ಮೇಲಿನ ಮೊಟ್ಟೆಯ ದೋಸೆಯನ್ನು ಮಗುಚಿಹಾಕುವುದೂ, ನೆಲದ ಮೇಲೆ ಬಿದ್ದ ಹುಲ್ಲುಕಡ್ಡಿಯನ್ನು ಎತ್ತಿಹಾಕುವುದೂ ದೇವರ ಪ್ರೀತಿಗಾಗಿ ಮಾಡಬಹುದಾದ ಕೆಲಸಗಳೇ ಎಂಬುದು ಆತನ ನಂಬಿಕೆ. ಪ್ರಾರ್ಥನೆಯ ಹೊತ್ತು ಬೇರೆ, ಪಾತ್ರೆಗಳ ಗದ್ದಲದ ಹೊತ್ತು ಬೇರೆ ಎಂಬ ಭೇದವೇ ಕಾಲಕ್ರಮದಲ್ಲಿ ಆತನಿಗೆ ಉಳಿಯಲಿಲ್ಲ. ಆತ ಸೇರಿದ ಪಂಥವನ್ನು ಸುಧಾರಿಸಿ ಕಟ್ಟಿದ ಅವಿಲಾದ ಸಂತ ತೆರೇಸಾ ಕೂಡ ಅಡುಗೆಮನೆಯ ಮಡಕೆಕುಡಿಕೆಗಳ ನಡುವೆ ದೇವರಿದ್ದಾನೆಂದು ತನ್ನ ಶಿಷ್ಯೆಯರಿಗೆ ಬರೆದಿದ್ದಳು. ಆಕೆ ಬರೆದದ್ದನ್ನು ಈತ ಮಾಡಿ ನೋಡಿದನು.

ಆದರೆ ಇದನ್ನು ಸಿಹಿಯಾದ ಚಿತ್ರವಾಗಿ ಮಾತ್ರ ತೆಗೆದುಕೊಳ್ಳುವವರು ಆತನ ಪತ್ರಗಳನ್ನು ಸರಿಯಾಗಿ ಓದಿಲ್ಲವೆಂದೇ ಹೇಳಬೇಕು. ಮೊದಲ ಹತ್ತು ವರ್ಷ ತಾನು ಬಹಳ ನೊಂದೆನೆಂದು ಆತನೇ ಬರೆದಿದ್ದಾನೆ. ತನಗೆ ನರಕವೇ ಗತಿಯೆಂಬ ನಂಬಿಕೆ ನಾಲ್ಕು ವರ್ಷ ಆತನನ್ನು ಬಿಡದೆ ಹಿಂಸಿಸಿತು. ಲೋಕದವರೆಲ್ಲ ಕೂಡಿ ಹೇಳಿದ್ದರೂ ಅದು ಸುಳ್ಳೆಂದು ಅವನಿಗೆ ಒಪ್ಪಿಸಲಾಗುತ್ತಿರಲಿಲ್ಲವಂತೆ. ಆಗ ಆತ ಮಾಡಿದ ನಿಶ್ಚಯ ಆಲೋಚಿಸತಕ್ಕದ್ದು. ಗತಿ ಏನೇ ಆಗಲಿ, ಬದುಕಿರುವಷ್ಟು ದಿನವಾದರೂ ದೇವರ ಮೇಲಿನ ಪ್ರೀತಿಗಾಗಿ ಕೆಲಸ ಮಾಡಿದೆನೆಂಬುದು ಉಳಿದೇ ಉಳಿಯುತ್ತದೆ ಎಂದುಕೊಂಡನು. ಕೂಲಿ ಸಿಕ್ಕುವುದಿಲ್ಲವೆಂದು ಖಚಿತವಾಗಿ ನಂಬಿದವನೊಬ್ಬ ಕೆಲಸ ಬಿಡದೆ ಮಾಡುತ್ತಾ ಹೋದದ್ದು ಇದು. ಫಲದ ಆಸೆಯನ್ನು ಬಿಟ್ಟು ಕರ್ಮ ಮಾಡಬೇಕೆಂದು ವೇದಿಕೆಗಳ ಮೇಲೆ ನಾವು ಎಷ್ಟು ಸುಲಭವಾಗಿ ಹೇಳುತ್ತೇವೆ! ಅದರ ನಿಜವಾದ ಬೆಲೆ ಏನೆಂಬುದನ್ನು ನಾಲ್ಕು ವರ್ಷ ಒಲೆಯ ಮುಂದೆ ನಿಂತು ಕೊಟ್ಟವನು ಈ ಕುಂಟ ಅಡುಗೆಯವನು.

ಒಮ್ಮೆ ಮಠಕ್ಕೆ ಬೇಕಾದ ದ್ರಾಕ್ಷಾರಸವನ್ನು ಕೊಂಡುತರಲು ಆತನನ್ನು ಬರ್ಗಂಡಿಗೆ ಕಳುಹಿಸಿದರು. ವ್ಯಾಪಾರ ತಿಳಿಯದು, ಕಾಲು ಸ್ವಾಧೀನವಿಲ್ಲ. ದೋಣಿಯಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಬೇಕಾದರೆ ಪೀಪಾಯಿಗಳ ಮೇಲೆ ಉರುಳಿಕೊಂಡೇ ಹೋಗಬೇಕಾಗಿತ್ತು. ಇದು ನಿನ್ನ ಕೆಲಸ, ನೀನೇ ನೋಡಿಕೊ ಎಂದು ದೇವರಿಗೆ ಹೇಳಿ ಹೊರಟನು. ಹೇಗೋ ಏನೋ, ವ್ಯಾಪಾರ ಚೆನ್ನಾಗಿಯೇ ಆಯಿತಂತೆ. ಪೀಪಾಯಿಗಳ ಮೇಲೆ ಉರುಳಿಕೊಂಡು ಹೋಗುವ ಸಂತ! ನಮ್ಮ ಚಿತ್ರಕಾರರು ಕಿರೀಟ, ಪ್ರಭಾವಳಿಗಳನ್ನು ಸ್ವಲ್ಪ ದಿನ ಬದಿಗಿಟ್ಟು ಇದನ್ನೊಂದು ಬರೆಯಬಾರದೆ?

ಬ್ರದರ್ ಲಾರೆನ್ಸನ ಈ ಕತೆಯನ್ನು ನಾನು ಒಮ್ಮೆ ನಮ್ಮ ದೊಡ್ಡಮ್ಮನವರಿಗೆ ಹೇಳಿದ್ದುಂಟು. ಹನ್ನೆರಡನೆಯ ವಯಸ್ಸಿಗೆ ಸೌಟು ಹಿಡಿದವರು ಅವರು. ಎಂಬತ್ತರ ಹತ್ತಿರ ಬಂದರೂ ಸೊಸೆಯರ ಸಾರಿಗೆ ಉಪ್ಪು ನೋಡುತ್ತಿದ್ದರು. ಅವರೆಕಾಯಿ ಬಿಡಿಸುತ್ತಾ ಪೂರ್ತಿಯಾಗಿ ಕೇಳಿದರು. ಕೊನೆಗೆ, “ಹದಿನೈದು ವರ್ಷವೇನೋ ಮಗು? ಆಮೇಲೆ?” ಎಂದರು. ಆಮೇಲೆ ಕಾಲಿನ ನೋವು ಹೆಚ್ಚಿದ್ದರಿಂದ ಕುಳಿತು ಮಾಡುವಂಥ ಕೆಲಸ ಕೊಟ್ಟರು, ಮಠದವರ ಮೆಟ್ಟು ಹೊಲಿಯುವ ಕೆಲಸ ಎಂದೆ. “ಪುಣ್ಯವಂತ. ಕಾಲು ನೊಂದಾಗ ಬಿಡಿಸುವವರು ಇದ್ದರು. ಮಾತಾಡಿದ್ದನ್ನು ಬರೆದುಕೊಳ್ಳೋಕೆ ಪಾದ್ರಿಗಳೂ ಬಂದರು ಅಂತೀಯ” ಎಂದು ಮತ್ತೆ ಅವರೆಕಾಯಿಗೆ ಕೈಹಾಕಿದರು.

ಕಹಿಯಿಂದ ಆಡಿದ ಮಾತಲ್ಲ ಅದು. ಆದರೂ ಅಂದಿನಿಂದ ಲಾರೆನ್ಸನನ್ನು ಆ ಮಾತಿನ ಆಚೆಗೆ ಇಟ್ಟು ಓದುವುದು ನನಗೆ ಸಾಧ್ಯವಾಗಿಲ್ಲ. ಅಡುಗೆಮನೆ ಸ್ವರ್ಗಕ್ಕೆ ಬಾಗಿಲು ಎಂದು ಗಂಡಸರು ಹೊಗಳಿದಷ್ಟೂ ಆ ಬಾಗಿಲಿಗೆ ಹೊರಗಿನಿಂದ ಅಗಳಿ ಬೀಳುವುದು ಸುಲಭ. ‘ನಿನ್ನ ಕೆಲಸವೇ ನಿನಗೆ ದೇವರ ಕರೆ’ ಎಂಬ ಮಾತನ್ನು ಕೆಲಸ ಮಾಡುವವನು ತಾನೇ ಆಡಿಕೊಂಡರೆ ಅದು ಭಕ್ತಿ; ಕೆಲಸ ಮಾಡಿಸುವವನು ಆಡಿದರೆ ಅದರಲ್ಲಿ ಲೆಕ್ಕಾಚಾರದ ವಾಸನೆ ಬರುತ್ತದೆ. ಮೂವತ್ತು ವರ್ಷ ಮೇಷ್ಟರ ಕೆಲಸ ಮಾಡಿದವನು ನಾನು. ಸಂಬಳದ ಮಾತು ಎದ್ದಾಗಲೆಲ್ಲ ನಮ್ಮ ವೃತ್ತಿಯ ಪಾವಿತ್ರ್ಯದ ಮಾತೂ ಜೊತೆಯಲ್ಲಿ ಎದ್ದುಬರುವುದನ್ನು ಕಂಡಿದ್ದೇನೆ. ಸೆಪ್ಟೆಂಬರ್ 5ನೆಯ ತಾರೀಖು ಭಾಷಣ ಕೇಳಿದ ಅಧ್ಯಾಪಕರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇದಕ್ಕಿಂತ ಕ್ರೂರವಾದ ನಿದರ್ಶನಗಳೂ ಉಂಟು. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದಲ್ಲಿ ಪೌಲನು, ಒಬ್ಬೊಬ್ಬನೂ ತಾನು ಕರೆಯಲ್ಪಟ್ಟಾಗ ಇದ್ದ ಸ್ಥಿತಿಯಲ್ಲಿಯೇ ನಡೆಯಲಿ ಎಂಬ ಅರ್ಥದ ಬುದ್ಧಿ ಹೇಳುತ್ತಾನೆ. ಅದೇ ಜಾಗದಲ್ಲಿ ದಾಸನಿಗೆ ಬಿಡುಗಡೆಯಾಗುವ ಮಾತೂ ಇದೆ. ಆದರೆ 19ನೆಯ ಶತಮಾನದಲ್ಲಿ ಅಮೆರಿಕದ ದಕ್ಷಿಣ ಭಾಗದ ಒಡೆಯರೂ ಅವರ ಬೋಧಕರೂ ಹತ್ತಿಯ ಹೊಲದಲ್ಲಿ ದುಡಿಯುವ ಗುಲಾಮರಿಗೆ ಪೌಲನ ಪತ್ರಗಳಿಂದ ಆರಿಸಿ ಆರಿಸಿ ಓದಿ ಹೇಳಿದ್ದು ವಿಧೇಯತೆಯ ಮಾತುಗಳನ್ನೇ. ಆ ಗುಲಾಮರು ಅದೇ ಬೈಬಲಿನಲ್ಲಿ ಮೋಶೆಯ ಕತೆಯನ್ನು ಕಂಡುಕೊಂಡರು. ಐಗುಪ್ತವನ್ನು ಬಿಟ್ಟು ಹೊರಡುವುದೂ ದೇವರ ಕರೆಯೇ ಎಂದು ತಿಳಿದರು. ಯಾರು ಸರಿಯಾಗಿ ಕೇಳಿಸಿಕೊಂಡರೆಂಬುದರಲ್ಲಿ ಇಂದು ಯಾರಿಗೂ ಅನುಮಾನವಿಲ್ಲ.

ಆದ್ದರಿಂದಲೇ ಏಲಿಯನ್ನು ನೆನಪಿನಲ್ಲಿಡಿ ಎಂದು ನಾನು ಕೇಳಿಕೊಂಡದ್ದು. ಕೆಲಸ ಹೇಳುವ ಸ್ಥಾನದಲ್ಲಿ ಕುಳಿತವನು, ಅವನು ಯಜಮಾನನಾಗಲಿ, ಗಂಡನಾಗಲಿ, ಮಠಾಧಿಪತಿಯಾಗಲಿ, ‘ಕರೆದವನು ನಾನಲ್ಲ’ ಎನ್ನುವಷ್ಟು ಪ್ರಾಮಾಣಿಕನಾಗಿರಬೇಕು. ಲಾರೆನ್ಸನ ಹಿರಿಯರು ಆತನನ್ನು ಅಡುಗೆಗೆ ಹಾಕಿದರು, ದ್ರಾಕ್ಷಾರಸಕ್ಕೆ ಕಳುಹಿಸಿದರು. ಅದರಲ್ಲಿ ದೇವರನ್ನು ಕಾಣೆಂದು ಯಾರೂ ಅಪ್ಪಣೆ ಕೊಡಲಿಲ್ಲ. ಅಂಥ ಅಪ್ಪಣೆಯನ್ನು ಕೊಡಲೂ ಬಾರದು. ಆತ ಹಿರಿಯರ ಮಾತನ್ನು ಕೇಳಿದ್ದು ನಿಜ. ಆದರೆ ಕಿವಿಗೊಟ್ಟು ಕೇಳುತ್ತಿದ್ದದ್ದು ಇನ್ನೊಂದು ಮಾತನ್ನು. ಅದಕ್ಕಾಗಿಯೇ ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವಾಗ ಆತನಿಗೆ ಏನೂ ಕಳೆದುಕೊಂಡಂತಾಗಲಿಲ್ಲ. ಬಾಣಲೆಯೇ ದೇವರಾಗಿದ್ದರೆ ಮೆಟ್ಟು ಹೊಲಿಯುವ ದಿನ ಆತ ಅನಾಥನಾಗುತ್ತಿದ್ದನು.

ಕಲಿತವರು ಆತನನ್ನು ಹುಡುಕಿಕೊಂಡು ಬರತೊಡಗಿದ್ದು ಈ ಮೆಟ್ಟಿನ ಕಾಲದಲ್ಲಿ. ಜೋಸೆಫ್ ದ ಬೋಫೋರ್ ಎಂಬ ಪಾದ್ರಿ 1666ರ ಆಗಸ್ಟ್ 3ರಂದು ಮೊದಲ ಸಲ ಬಂದು ಮಾತನಾಡಿ, ಕೇಳಿದ್ದನ್ನು ಬರೆದಿಟ್ಟುಕೊಂಡನು. ಹೀಗೆ ನಾಲ್ಕು ಸಂಭಾಷಣೆಗಳು ಉಳಿದಿವೆ. ಮುಂದೆ ಆರ್ಚ್‌ಬಿಷಪ್ ಆದ ಫೆನೆಲಾನ್ ಕೂಡ ಆತನನ್ನು ಕಂಡಿದ್ದನು. ಆ ಫೆನೆಲಾನನ ಮೇಲೆಯೇ ಧರ್ಮಪೀಠದ ಅವಕೃಪೆ ಬಿದ್ದಾಗ ಲಾರೆನ್ಸನ ಪುಸ್ತಕಕ್ಕೂ ಫ್ರಾನ್ಸಿನಲ್ಲಿ ಮಂಕು ಕವಿಯಿತು. ಅದನ್ನು ಎತ್ತಿಕೊಂಡು ಕಾಪಾಡಿದವರು ಪ್ರಾಟೆಸ್ಟೆಂಟರು. ಇಂಗ್ಲೆಂಡಿನ ಜಾನ್ ವೆಸ್ಲಿ ತನ್ನ ಗ್ರಂಥಮಾಲೆಯಲ್ಲಿ ಅದಕ್ಕೆ ಸ್ಥಳ ಕೊಟ್ಟನು. ಮಠವನ್ನು ಒಲ್ಲದವರು ಮಠದ ಅಡುಗೆಯವನನ್ನು ತಮ್ಮವನೆಂದು ತಿಳಿದರು.

ಲಾರೆನ್ಸ್ ತಾನಾಗಿ ಪುಸ್ತಕ ಬರೆದವನಲ್ಲ. ಸಂಭಾಷಣೆಗಳಲ್ಲದೆ ದೊರೆಯುವುದು ಹದಿನಾರು ಪತ್ರಗಳು. ಕೊನೆಯ ಪತ್ರದ ತಾರೀಖು 1691ರ ಫೆಬ್ರವರಿ 6. ಇನ್ನು ಕೆಲವು ದಿನಗಳಲ್ಲಿ ದೇವರನ್ನು ಕಾಣುವ ಭರವಸೆ ತನಗಿದೆಯೆಂದು ಅದರಲ್ಲಿ ಬರೆದನು. ಅದೇ ತಿಂಗಳ 12ರಂದು ತೀರಿಕೊಂಡನು. ಮರುವರ್ಷ, 1692ರಲ್ಲಿ, ಬೋಫೋರ್ ಆ ಪತ್ರಗಳನ್ನು ಅಚ್ಚು ಹಾಕಿಸಿದನು. ದೇವರ ಸನ್ನಿಧಿಯನ್ನು ಹೇಗೆ ಕಂಡುಕೊಂಡೆಯೆಂದು ಯಾರೋ ಮೇಲಿಂದ ಮೇಲೆ ಕೇಳಿದ್ದಕ್ಕೆ ಬರೆದ ಉತ್ತರವೊಂದು ಅವುಗಳಲ್ಲಿ ಇದೆ. ಅದರಲ್ಲಿ ಆತ ಒಂದೇ ಒಂದು ಷರತ್ತು ಹಾಕಿದ್ದಾನೆ: ಈ ಪತ್ರವನ್ನು ಮತ್ತೊಬ್ಬರಿಗೆ ತೋರಿಸಕೂಡದು, ತೋರಿಸುತ್ತೀರೆಂದು ತಿಳಿದಿದ್ದರೆ ನಾನು ಬರೆಯುತ್ತಲೇ ಇರಲಿಲ್ಲ. ಪತ್ರ ತಲಪಿದವರು ಆ ಮಾತು ಕೇಳಲಿಲ್ಲ. ನಮಗೆ ಅದು ದೊರೆತದ್ದು ಹಾಗೆ.